ಎಂಜಿನಿಯರ್‌ಗಳ ಮೀಟಿಂಗಲ್ಲಿ ನೋಟ್ಸ್ ಬರೆದುಕೊಳ್ಳುವುದು ಹೇಗೆ? ಟೆಕ್ನಿಕಲ್ ರೈಟರ್‌ಗಳು ಇದ್ದರೆ ಹೇಳಿ

ಸಾಲಗಾಮೆ ರಸ್ತೆ:

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಟೆಕ್ನಿಕಲ್ ರೈಟರ್. ಎಂಸಿಎಫಲ್ಲಾ (ಇಸ್ರೋದ ಸ್ಯಾಟಲೈಟ್ ನಿಯಂತ್ರಣ ಕೇಂದ್ರ) ಅಂತ ಮಾತ್ರ ಕೇಳಬೇಡಿ. 1982ರಲ್ಲಿ ಇಸ್ರೋದವರು ಇಲ್ಲಿಗೆ ಬಂದಾಗಿನಿಂದ ಈ ಊರಲ್ಲಿ ಟೆಕ್ನಿಕಲ್ ಕೆಲಸ ಅಂದರೆ ಎಲ್ಲರಿಗೂ ಸ್ಯಾಟಲೈಟೇ ನೆನಪಾಗುತ್ತದೆ. ನಮ್ಮದು ಚಿಕ್ಕ ಕಂಪನಿ, ಪಂಪ್‌ಸೆಟ್‌ಗೆ ಹಾಕುವ ಮೊಬೈಲ್ ಸ್ಟಾರ್ಟರ್ ಮಾಡುತ್ತೇವೆ. ತ್ರೀ ಫೇಸ್ ಬಂದರೆ ಮೋಟರ್ ಆನ್ ಆಗುತ್ತದೆ, ಒಂದು ಫೇಸ್ ಹೋದರೆ ಆಫ್ ಆಗುತ್ತದೆ, ನೀರು ಖಾಲಿಯಾದರೆ ನಿಲ್ಲುತ್ತದೆ, ಮನೆಯಲ್ಲಿ ಕೂತು ಫೋನಿನಿಂದಲೂ ನಡೆಸಬಹುದು. ಅದರ ಮ್ಯಾನುಯಲ್, ಫಿಟ್ಟಿಂಗ್ ಗೈಡ್, ರಿಲೀಸ್ ನೋಟ್ಸ್ ಎಲ್ಲ ನನ್ನ ಪಾಲು.

ತೊಂದರೆ ಇರುವುದು ಮೀಟಿಂಗಲ್ಲಿ. ಹಾರ್ಡ್‌ವೇರ್‌ನವರು, ಫರ್ಮ್‌ವೇರ್‌ನವರು (ಸ್ಟಾರ್ಟರ್ ಪೆಟ್ಟಿಗೆಯೊಳಗಿನ ಪ್ರೋಗ್ರಾಂ ಬರೆಯುವವರು), ಆ್ಯಪ್ ಮಾಡುವವರು ಎಲ್ಲ ಒಟ್ಟಿಗೆ ಕೂರುತ್ತಾರೆ. ಅರ್ಧ ಕನ್ನಡ, ಅರ್ಧ ಇಂಗ್ಲಿಷ್, ಅರ್ಧ ವಾಕ್ಯ ಬಾಯಲ್ಲಿ, ಇನ್ನರ್ಧ ಬೋರ್ಡಿನ ಮೇಲೆ ಬಾಣದ ಗುರುತಲ್ಲಿ. "ಅದನ್ನ ಹಂಗೇ ಬಿಡೋಣ" ಅಂತ ಒಬ್ಬರು, "ಆಯ್ತು" ಅಂತ ಮೂವರು. ಯಾವುದನ್ನ, ಹೇಗೆ, ಯಾರಿಗೂ ಕೇಳಬೇಕು ಅನಿಸುವುದೇ ಇಲ್ಲ. ನಾನು ಕೇಳಿದ್ದನ್ನೆಲ್ಲ ಬರೆದುಕೊಳ್ಳುತ್ತೇನೆ. ಪುಟಗಟ್ಟಲೆ ಆಗುತ್ತದೆ. ಕಳಿಸಿದರೆ ಯಾರೂ ಓದುವುದಿಲ್ಲ.

ಇನ್ನೊಂದು ಸಂಕಟ. "ನೀವು ಹೇಗೂ ರೈಟರ್ ಅಲ್ವಾ" ಅಂತ ಎಲ್ಲ ಮೀಟಿಂಗಿನ ಮಿನಿಟ್ಸೂ (ನಡಾವಳಿ) ನನ್ನ ತಲೆಗೇ ಕಟ್ಟುತ್ತಾರೆ. ನನಗೆ ಸಂಬಂಧವೇ ಇಲ್ಲದ ರಿಲೇ (ಸ್ಟಾರ್ಟರ್ ಒಳಗಿನ ಸ್ವಿಚ್) ಖರೀದಿಯ ಮೀಟಿಂಗಿಗೂ ಕರೆಯುತ್ತಾರೆ.

ಮೊನ್ನೆ ಬರೆದುಕೊಂಡಿದ್ದರಲ್ಲಿ ಸ್ವಲ್ಪ ಇಲ್ಲಿ ಹಾಕುತ್ತೇನೆ, ನೀವಾದರೆ ಇದನ್ನು ಏನು ಮಾಡುತ್ತೀರಿ ನೋಡಿ:

ಹಾರ್ಡ್‌ವೇರ್: ಡ್ರೈ ರನ್ನಿಗೆ ಥರ್ಟಿ ಇಡೋಣ.
ಆ್ಯಪ್: ಥರ್ಟಿ ಕಡಿಮೆ ಆಯ್ತು, ಬಾವೀಲಿ ನೀರು ಊರಬೇಕಲ್ಲ.
ಫರ್ಮ್‌ವೇರ್: ಇನ್ನೂ ಜಾಸ್ತಿ ಇಟ್ಟರೆ ಮೋಟರ್ ಸುಟ್ಟೋಗುತ್ತೆ.
ಮ್ಯಾನೇಜರ್: ಸರಿ, ಥರ್ಟಿ ಫೈನಲ್.

ಬೋರ್ಡ್ ಸುಟ್ಟವ:

ನಾನು ಫರ್ಮ್‌ವೇರ್‌ನವನು, ಬೇರೆ ಕಂಪನಿ. ಮೇಡಂ, ನಿಮ್ಮ ಆ ನಾಲ್ಕು ಸಾಲಲ್ಲಿ ಎರಡು ಥರ್ಟಿ ಇದೆ.

ಮೋಟರ್ ಸುಟ್ಟೋಗುತ್ತೆ ಅಂದವರು ಸೆಕೆಂಡಿನ ಮಾತಾಡುತ್ತಿದ್ದಾರೆ. ಅಂದರೆ ನೀರಿಲ್ಲದೆ ಓಡುತ್ತಿದೆ ಅಂತ ಗೊತ್ತಾದ ಮೇಲೆ ಎಷ್ಟು ಹೊತ್ತು ಬಿಟ್ಟು ಟ್ರಿಪ್ ಮಾಡಬೇಕು, ಅಂದರೆ ಮೋಟರ್ ನಿಲ್ಲಿಸಬೇಕು ಅನ್ನುವುದು. ನೀರು ಊರಬೇಕು ಅಂದವರು ನಿಮಿಷದ ಮಾತಾಡುತ್ತಿದ್ದಾರೆ. ಟ್ರಿಪ್ ಆದ ಮೇಲೆ ಎಷ್ಟು ಹೊತ್ತು ಕಾದು ಮತ್ತೆ ಸ್ಟಾರ್ಟ್ ಮಾಡಬೇಕು ಅಂತ. ಮೂವತ್ತು ಸೆಕೆಂಡಲ್ಲಿ ಯಾವ ಬಾವಿಯಲ್ಲೂ ನೀರು ಊರಲ್ಲ, ಮೂವತ್ತು ನಿಮಿಷ ಒಣಗಿ ಓಡಿದರೆ ಯಾವ ಮೋಟರೂ ಉಳಿಯಲ್ಲ. ಎಲ್ಲರೂ ತಲೆ ಆಡಿಸಿ ಎದ್ದು ಹೋಗಿದ್ದಾರೆ ಅಲ್ವಾ? ನಮ್ಮಲ್ಲೂ ಇದೇ ಕಥೆ.

ಮೂಡಿಗೆರೆ ಮಳೆ:

ಬೋರ್ಡ್ ಸುಟ್ಟವರು ಸರಿಯಾದ ಜಾಗಕ್ಕೇ ಕೈ ಹಾಕಿದರು. ನಾನು ಬೆಂಗಳೂರಲ್ಲಿ ಇದೇ ಕೆಲಸ ಮಾಡಿ, ಈಗ ಮೂಡಿಗೆರೆ ಹತ್ತಿರ ಮನೆಯಿಂದಲೇ ಮಾಡುತ್ತಿದ್ದೇನೆ. ಮಳೆಗಾಲದಲ್ಲಿ ಕರೆಂಟೂ ಇರಲ್ಲ, ನೆಟ್‌ವರ್ಕೂ ಇರಲ್ಲ, ಆದರೂ ಮೀಟಿಂಗ್ ತಪ್ಪಲ್ಲ. ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲನೆಯದು, ಮಾತನ್ನು ಬರೆದುಕೊಳ್ಳಬೇಡಿ. ಯಾರು ಏನಂದರು ಅನ್ನುವುದು ಮ್ಯಾನುಯಲ್ ಓದುವ ತೋಟದವರಿಗೆ ಬೇಕಿಲ್ಲ. ಅವರಿಗೆ ಬೇಕಾಗಿರುವುದು ಪೆಟ್ಟಿಗೆ ಏನು ಮಾಡುತ್ತದೆ, ಯಾವಾಗ ಮಾಡುತ್ತದೆ, ನಾನೇನು ಮಾಡಬೇಕು ಅನ್ನುವುದು. ಹಾಗಾಗಿ ಮೀಟಿಂಗಲ್ಲಿ ಕಿವಿ ಆ ಕಡೆಗೇ ಇರಲಿ. ಒಂದು ಅಂಕಿ ಬಿತ್ತು ಅಂದರೆ ಅದು ಸೆಕೆಂಡೋ ನಿಮಿಷವೋ, ಎಲ್ಲ ಮಾಡೆಲ್ಲಿಗೋ ಒಂದಕ್ಕೋ, ಯಾವ ವರ್ಶನ್ನಿನಿಂದ, ಗ್ರಾಹಕರು ಬದಲಾಯಿಸಬಹುದೋ ಇಲ್ಲವೋ. ಇದಿಷ್ಟೂ ಅವರ ತಲೆಯಲ್ಲಿ ಇರುತ್ತದೆ, ಬಾಯಿಗೆ ಬರಲ್ಲ. ದಿನಾ ಅದರಲ್ಲೇ ಇರುವವರು ಅವರು, ಹೇಳುವ ಅಗತ್ಯವೇ ಕಾಣಲ್ಲ. ಹೇಳದೇ ಬಿಟ್ಟಿದ್ದನ್ನು ಹಿಡಿಯುವುದಕ್ಕೇ ನೀವು ಅಲ್ಲಿ ಕೂತಿರುವುದು.

ನಾನು ನೋಟ್‌ಬುಕ್ಕಿನ ಪುಟಕ್ಕೆ ನಡುವೆ ಗೆರೆ ಹಾಕುತ್ತೇನೆ. ಎಡಗಡೆ ಕೇಳಿದ್ದು, ಬಲಗಡೆ ನನ್ನ ಪ್ರಶ್ನೆ. ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿಯ ವಾಲ್ಟರ್ ಪಾಕ್ ಅನ್ನುವವರು 1950ರ ದಶಕದಲ್ಲಿ ವಿದ್ಯಾರ್ಥಿಗಳಿಗೆ ಇಂಥದ್ದೇ ಒಂದು ಕ್ರಮ ಹೇಳಿಕೊಟ್ಟಿದ್ದರು, ಪುಟದ ಕೆಳಗೆ ಸಾರಾಂಶಕ್ಕೆ ಜಾಗ ಬಿಡುವುದೂ ಅದರಲ್ಲಿದೆ. ನಾನು ಸಾರಾಂಶ ಬರೆಯಲ್ಲ, ಆ ಜಾಗದಲ್ಲಿ ಬೋರ್ಡಿನ ಚಿತ್ರ ಬರೆದುಕೊಳ್ಳುತ್ತೇನೆ. ಎಡಗಡೆ "ಡ್ರೈ ರನ್ 30" ಅಂತ ಬಂದರೆ ಬಲಗಡೆ ತಾನಾಗಿಯೇ "ಏನು 30? ಎಲ್ಲಿಂದ ಎಣಿಕೆ?" ಅಂತ ಬರುತ್ತದೆ. ಮೀಟಿಂಗ್ ಮುಗಿಯುವಾಗ ಬಲಗಡೆ ಖಾಲಿ ಇದ್ದರೆ ನನಗೆ ಅನುಮಾನವೇ ಬರುತ್ತದೆ.

ಇನ್ನು ಅತಿ ಮುಖ್ಯವಾದದ್ದು. ಎಂಜಿನಿಯರ್‌ಗಳಿಗೆ ಪ್ರಶ್ನೆ ಕೇಳಿದರೆ "ಅದು ಡಿಪೆಂಡ್ಸ್" ಅಂತಾರೆ. ವಾಕ್ಯ ಓದಿ ಹೇಳಿದರೆ ತಕ್ಷಣ ತಿದ್ದುತ್ತಾರೆ. ಆ ಮೀಟಿಂಗಲ್ಲೇ ನೀವು, "ಒಂದು ನಿಮಿಷ ಸಾರ್, ಮ್ಯಾನುಯಲ್‌ನಲ್ಲಿ ಹೀಗೆ ಬರೆಯಲಾ: ನೀರಿಲ್ಲದೆ 30 ನಿಮಿಷ ಓಡಿದರೆ ಮೋಟರ್ ತಾನಾಗಿ ನಿಲ್ಲುತ್ತದೆ" ಅಂದಿದ್ದರೆ ಮೂವರೂ ಒಟ್ಟಿಗೆ ಕೂಗುತ್ತಿದ್ದರು. ಬೇಕಂತಲೇ ಸ್ವಲ್ಪ ತಪ್ಪಾಗಿ ಓದಿದರೂ ನಡೆಯುತ್ತದೆ. ನಾನು ಓದುತ್ತೇನೆ.

ಬೋರ್ಡ್ ಸುಟ್ಟವ:

ಇದು ನೂರಕ್ಕೆ ನೂರು ನಿಜ. ನಮ್ಮ ರೈಟರ್ ಹೀಗೆ ಮಾಡುತ್ತಾರೆ ಅಂತ ನನಗೆ ಗೊತ್ತು, ಗೊತ್ತಿದ್ದೂ ಪ್ರತಿ ಸಲ ತಿದ್ದುತ್ತೇನೆ.

ಸೊಸೈಟಿ ಗುಮಾಸ್ತ:

ನನಗೆ ನಿಮ್ಮ ಫರ್ಮ್‌ವೇರ್ ಗೊತ್ತಿಲ್ಲ, ಆದರೆ ಮೀಟಿಂಗ್ ಬರೆದು ಬರೆದು ಕೈ ಸವೆದಿದೆ. ಅರಸೀಕೆರೆ ಕಡೆ ಸಹಕಾರ ಸಂಘದಲ್ಲಿದ್ದೇನೆ. ನಮ್ಮಲ್ಲಿ ನಡಾವಳಿ ಪುಸ್ತಕ ಅಂತ ಇರುತ್ತದೆ. ಅದರಲ್ಲಿ ಚರ್ಚೆ ಬರೆಯಲ್ಲ, ಠರಾವು ಮಾತ್ರ. ವಿಷಯ ಏನು, ಏನು ತೀರ್ಮಾನ, ಸೂಚಿಸಿದವರು ಯಾರು, ಅನುಮೋದಿಸಿದವರು ಯಾರು. ಮುಗಿಯಿತು. ಎರಡು ಗಂಟೆ ಜಗಳ ಆಡಿರುತ್ತಾರೆ, ಪುಸ್ತಕದಲ್ಲಿ ನಾಲ್ಕು ಸಾಲು. ಆಮೇಲೆ ಮುಂದಿನ ಸಭೆಯಲ್ಲಿ ಮೊದಲ ಕೆಲಸವೇ ಹಿಂದಿನ ನಡಾವಳಿ ಓದುವುದು. "ನಾನು ಹಾಗಂದಿಲ್ಲ" ಅನ್ನುವವರು ಆಗಲೇ ಹೇಳಬೇಕು. ಓದಿ ದಾಖಲು ಮಾಡಿದ ಮೇಲೆ ತಕರಾರು ಇಲ್ಲ.

ನೀವೂ ಮೀಟಿಂಗ್ ಶುರುವಾಗುವಾಗ ಹಿಂದಿನದ್ದನ್ನು ಎರಡು ನಿಮಿಷ ಓದಿಸಿ ನೋಡಿ ಮೇಡಂ. ಮೇಲ್ ಯಾರೂ ಓದಲ್ಲ, ಎದುರಿಗೆ ಓದಿದರೆ ಕೇಳಲೇಬೇಕು.

ಮೂಡಿಗೆರೆ ಮಳೆ:

ಓದಿಸುವ ವಿಚಾರ ಚೆನ್ನಾಗಿದೆ ಸಾರ್, ನಾನೂ ಇದನ್ನು ಕದಿಯುತ್ತೇನೆ. ಆದರೆ ಚರ್ಚೆ ಬೇಡ, ಠರಾವು ಸಾಕು ಅನ್ನುವುದನ್ನು ನಾನು ಒಪ್ಪಲ್ಲ. ಸಾಫ್ಟ್‌ವೇರಲ್ಲಿ ಕಾರಣ ಬೇಕೇ ಬೇಕು.

ಈ 30 ಸೆಕೆಂಡನ್ನೇ ತೆಗೆದುಕೊಳ್ಳಿ. ಪಂಪಿನಲ್ಲಿ ಗಾಳಿ ಸೇರಿದ್ದರೆ ಸ್ಟಾರ್ಟ್ ಆದ ಕೂಡಲೇ ಮೋಟರ್ ಎಳೆಯುವ ಕರೆಂಟ್ ಕಡಿಮೆ ಇರುತ್ತದೆ. ಪೆಟ್ಟಿಗೆಗೆ ಅದು ನೀರಿಲ್ಲ ಅನ್ನುವ ಹಾಗೇ ಕಾಣುತ್ತದೆ. ಅದಕ್ಕೇ ಸ್ವಲ್ಪ ಹೊತ್ತು ಕಾಯುವುದು. ಈ ಕಾರಣ ಎಲ್ಲೂ ಬರೆದಿಡದಿದ್ದರೆ ಮುಂದಿನ ವರ್ಷ ಹೊಸದಾಗಿ ಸೇರಿದ ಹುಡುಗ ಕೋಡ್ ನೋಡಿ "30 ಯಾಕೆ, 5 ಸಾಕು, ಮೋಟರ್ ಇನ್ನೂ ಸೇಫ್" ಅಂತ ಬದಲಾಯಿಸುತ್ತಾನೆ. ಅವನದ್ದೇನೂ ತಪ್ಪಿಲ್ಲ. ಆಮೇಲೆ ಬಾವಿ ತುಂಬ ನೀರಿದ್ದರೂ ಮೋಟರ್ ನಿಲ್ಲುತ್ತದೆ ಅಂತ ಫೋನ್ ಮೇಲೆ ಫೋನ್.

ಮೈಕಲ್ ನೈಗಾರ್ಡ್ ಅನ್ನುವವರು 2011ರಲ್ಲಿ ಇದಕ್ಕೆ ಒಂದು ಚಿಕ್ಕ ನಮೂನೆ ಕೊಟ್ಟರು. ಆರ್ಕಿಟೆಕ್ಚರ್ ಡಿಸಿಶನ್ ರೆಕಾರ್ಡ್ ಅಂತ ಹೆಸರು, ಎಡಿಆರ್ ಅಂತ ಕರೆಯುತ್ತಾರೆ. ಆಗ ಪರಿಸ್ಥಿತಿ ಏನಿತ್ತು, ಏನು ತೀರ್ಮಾನ ಆಯಿತು, ಅದು ಈಗ ಯಾವ ಹಂತದಲ್ಲಿದೆ, ಅದರಿಂದ ಏನೇನು ಆಗುತ್ತದೆ. ಒಂದೆರಡು ಪುಟ ಅಷ್ಟೇ, ಕೋಡಿನ ಪಕ್ಕದಲ್ಲೇ ಇಡುವುದು. ದೊಡ್ಡ ತೀರ್ಮಾನಗಳಿಗೆ ಸಾಕು. ಮ್ಯಾನುಯಲ್ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಕಚ್ಚಾ ಮಾಲು ಸಿಗಲ್ಲ.

ಕಡೂರು ಜಂಕ್ಷನ್:

ಇಷ್ಟೆಲ್ಲ ಯಾಕೆ? ರೆಕಾರ್ಡ್ ಮಾಡಿ ಎಐಗೆ ಕೊಡಿ. ಟ್ರಾನ್ಸ್‌ಕ್ರಿಪ್ಟ್, ಸಮ್ಮರಿ, ಆ್ಯಕ್ಷನ್ ಐಟಂ ಎಲ್ಲ ರೆಡಿ ಬರುತ್ತದೆ. 2022ರಲ್ಲಿ ಓಪನ್ ಎಐನವರು ಮಾತು ಕೇಳಿ ಬರೆಯುವ ವಿಸ್ಪರ್ ಬಿಟ್ಟಾಗಿನಿಂದ ಕನ್ನಡವನ್ನೂ ಬರೆಯುತ್ತದೆ. ಪೆನ್ನು ಹಿಡಿದು ಕೂರುವ ಕಾಲ ಹೋಯಿತು.

ಸಾಲಗಾಮೆ ರಸ್ತೆ:

ಪ್ರಯತ್ನ ಮಾಡಿದ್ದೇನೆ ಸಾರ್. ಪೂರ್ತಿ ಇಂಗ್ಲಿಷ್ ಮಾತಾಡಿದರೆ ಚೆನ್ನಾಗಿ ಬರುತ್ತದೆ. ನಮ್ಮವರು "ಆ ಡಿಬೌನ್ಸ್‌ನ ಸ್ವಲ್ಪ ಏರಿಸಿದ್ರೆ ರಿಲೇ ಚಾಟರ್ ಆಗಲ್ಲ" ಅನ್ನುತ್ತಾರೆ. ಅದು ಯಾವುದೋ ಬೇರೆ ವಾಕ್ಯವೇ ಆಗಿ ಬರುತ್ತದೆ. ಅದೂ ಮೂರು ಜನ ಒಟ್ಟಿಗೆ ಮಾತಾಡಿದರೆ ಕೇಳಲೇಬೇಡಿ.

ಮತ್ತೆ "ಥರ್ಟಿ ಫೈನಲ್" ಅನ್ನುವುದನ್ನು ಅದು ಅಚ್ಚುಕಟ್ಟಾಗಿ "ತೀರ್ಮಾನ: ಡ್ರೈ ರನ್ ಸಮಯ 30" ಅಂತ ಬರೆದು ಕೊಟ್ಟಿತು. ನೋಡುವುದಕ್ಕೆ ಎಷ್ಟು ಖಡಕ್ಕಾಗಿದೆ ಅಂದರೆ ಯಾರಿಗೂ ಅನುಮಾನವೇ ಬರಲ್ಲ.

ಬೋರ್ಡ್ ಸುಟ್ಟವ:

ಇನ್ನೊಂದು ಮಾತು. ರೆಕಾರ್ಡಿಂಗ್ ಆನ್ ಆದ ಮೇಲೆ ನಮ್ಮ ಬಾಯಿ ಬದಲಾಗುತ್ತದೆ. "ಆ ಮಾಡ್ಯೂಲ್ ಯಾಕೆ ಹಾಗೆ ಕೆಲಸ ಮಾಡುತ್ತೆ ಅಂತ ನಂಗೂ ಗೊತ್ತಿಲ್ಲ ಗುರು, ಬರೆದವರು ಬಿಟ್ಟು ಹೋದ್ರು" ಅಂತ ರೆಕಾರ್ಡಿಂಗಲ್ಲಿ ಯಾರು ಹೇಳುತ್ತಾರೆ? ರೈಟರ್‌ಗೆ ಅತಿ ಹೆಚ್ಚು ಬೇಕಾಗಿರುವುದು ಅದೇ ಮಾತು. ಯಾವ ಜಾಗ ಅನುಮಾನ ಅಂತ ಗೊತ್ತಾದರೆ ಅಲ್ಲಿ ಎರಡು ಸಲ ಟೆಸ್ಟ್ ಮಾಡಿ ಬರೆಯಬಹುದು.

ಮೂಡಿಗೆರೆ ಮಳೆ:

ರೆಕಾರ್ಡಿಂಗ್ ಬೇಡವೇ ಬೇಡ ಅಂತ ನಾನು ಹೇಳಲ್ಲ. ಎಲ್ಲರನ್ನೂ ಕೇಳಿ ಒಪ್ಪಿಸಿ ಆನ್ ಮಾಡಿ, ಯಾರದೋ ಒಂದು ಅಂಕಿ ಕೇಳಿಸದೇ ಹೋದರೆ ಹಿಂದೆ ಹೋಗಿ ನೋಡುವುದಕ್ಕೆ ಆಗುತ್ತದೆ. ಗ್ರಾಹಕರು ಇರುವ ಕಾಲ್ ಆದರೆ ಇನ್ನೂ ಹುಷಾರು, 2023ರ ವೈಯಕ್ತಿಕ ಡೇಟಾ ರಕ್ಷಣೆಯ ಕಾಯ್ದೆ ಬಂದ ಮೇಲೆ ಕಂಪನಿಯ ಲೀಗಲ್‌ನವರನ್ನು ಒಂದು ಮಾತು ಕೇಳಿಯೇ ಮಾಡಿ. ಟ್ರಾನ್ಸ್‌ಕ್ರಿಪ್ಟ್ ನಂಬುವಾಗಲೂ ಜೋಪಾನ. ಯಾರೂ ಮಾತಾಡದ ಕಡೆಯಲ್ಲೂ ಕೆಲವೊಮ್ಮೆ ಇಲ್ಲದ ವಾಕ್ಯ ಸೇರಿಸಿಬಿಡುತ್ತದೆ.

ಕಡೂರು ಜಂಕ್ಷನ್:

ಸರಿ, ಕಾರಣ ಒಪ್ಪುತ್ತೇನೆ. ಆದರೆ ಬ್ಯಾಕಪ್ ಆಗಿ ಇಟ್ಟುಕೊಳ್ಳಿ ಅಂತಲೇ ನಾನೂ ಹೇಳುವುದು. ಮತ್ತೆ ಕೈಯಲ್ಲಿ ಬರೆದರೆ ಚೆನ್ನಾಗಿ ನೆನಪಿರುತ್ತದೆ ಅನ್ನುವ ಸ್ಟಡಿ ತೋರಿಸಬೇಡಿ ಯಾರೂ. 2014ರಲ್ಲಿ ಬಂದದ್ದು ಅದು, ಮುಂದೆ ಅದನ್ನೇ ಮತ್ತೆ ಮಾಡಿ ನೋಡಿದವರಿಗೆ ಅಷ್ಟು ವ್ಯತ್ಯಾಸ ಸಿಗಲಿಲ್ಲ.

ಮೂಡಿಗೆರೆ ಮಳೆ:

ಹೌದು, ಅದು ನನಗೂ ಗೊತ್ತು. ಲ್ಯಾಪ್‌ಟಾಪಲ್ಲೇ ಬರೆಯಿರಿ, ತೊಂದರೆ ಇಲ್ಲ. ನನಗೆ ಪೆನ್ನು ಇಷ್ಟ ಯಾಕೆಂದರೆ ಕರೆಂಟ್ ಹೋದರೂ ನಡೆಯುತ್ತದೆ, ಅಷ್ಟೇ.

ಬೇಲೂರು ಬಸ್:

ಟೆಸ್ಟಿಂಗ್‌ನವಳು ನಾನು. ಸಮಯದ ಬಗ್ಗೆ ಒಂದು ಸೇರಿಸುತ್ತೇನೆ. ನಮ್ಮ ಮೀಟಿಂಗಲ್ಲಿ "ದಿನದ ಲೆಕ್ಕ ಮಿಡ್‌ನೈಟಿಗೆ ಸೊನ್ನೆ ಆಗುತ್ತೆ" ಅಂದರು. ರೈಟರ್ ಹಾಗೇ ಬರೆದರು. ಸರ್ವರ್ ಓಡುವುದು ಯುಟಿಸಿಯಲ್ಲಿ (ಜಾಗತಿಕ ಸಮಯ), ನಮಗಿಂತ ಐದೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ 12 ಆದಾಗ ಇಲ್ಲಿ ಬೆಳಗಿನ ಜಾವ 5.30. ಫೆಬ್ರವರಿ, ಮಾರ್ಚಲ್ಲಿ ರೋಬಸ್ಟಾ ಕಾಫಿಗೆ ಬ್ಲಾಸಂ ನೀರು (ಹೂ ಅರಳಲು ಕೊಡುವ ನೀರು) ಕೊಡುವವರು ಸ್ಪ್ರಿಂಕ್ಲರ್ ರಾತ್ರಿಯಿಡೀ ಓಡಿಸುತ್ತಾರೆ. ಅವರು ಬೆಳಗ್ಗೆ ಎದ್ದು ಕಾಫಿ ಕುಡಿಯುತ್ತ ಆ್ಯಪ್ ನೋಡಿದರೆ ಮೋಟರ್ ಅರ್ಧ ಗಂಟೆ ಮಾತ್ರ ಓಡಿದೆ ಅಂತ ತೋರಿಸುತ್ತದೆ. ರೈತರು ಅಂಗಡಿಯವರಿಗೆ ಬೈಯಬೇಕು, ಅಂಗಡಿಯವರು ನಮಗೆ ಬೈಯಬೇಕು.

ಮಿಡ್‌ನೈಟ್ ಅಂದರೆ ಯಾವ ಊರಿನ ಮಿಡ್‌ನೈಟ್ ಅಂತ ಕೇಳಿ. ನಗುತ್ತಾರೆ, ನಗಲಿ.



ಬೋರ್ಡ್ ಸುಟ್ಟವ:

ಹಾಗಾದರೆ ಮಾಡ್‌ಬಸ್ ರಿಜಿಸ್ಟರನ್ನೂ ಸೇರಿಸಿ. ಮಾಡ್‌ಬಸ್ ಅಂದರೆ ಯಂತ್ರಗಳು ತಂತಿಯ ಮೇಲೆ ಮಾತಾಡುವ ಕ್ರಮ, ರಿಜಿಸ್ಟರ್ ಅಂದರೆ ಅದರಲ್ಲಿ ಒಂದೊಂದು ಅಂಕಿ ಇಡುವ ಮನೆ. 1979ರಿಂದ ಇದೆ, ಇವತ್ತಿಗೂ ಎಲ್ಲರೂ ಎಡವುತ್ತಾರೆ. ಪುಸ್ತಕದಲ್ಲಿ 40001 ಅಂತ ಬರೆದಿರುವ ಹೋಲ್ಡಿಂಗ್ ರಿಜಿಸ್ಟರ್ ತಂತಿಯ ಮೇಲೆ ಹೋಗುವಾಗ ವಿಳಾಸ 0. ಮೀಟಿಂಗಲ್ಲಿ ಯಾರಾದರೂ "ವೋಲ್ಟೇಜ್ 108ರಲ್ಲಿದೆ" ಅಂದರೆ ಅದು 40108ರ ಮಾತೋ, ವಿಳಾಸ 108ರ ಮಾತೋ ಕೇಳಿ. ಎರಡನೆಯದಾದರೆ ಪುಸ್ತಕದ ಲೆಕ್ಕದಲ್ಲಿ 40109. ಒಂದು ಮನೆ ಆಚೀಚೆ ಆದರೆ ವೋಲ್ಟೇಜ್ ಜಾಗದಲ್ಲಿ ಕರೆಂಟ್ ಓದುತ್ತದೆ.

ಮತ್ತೆ ನಮ್ಮ ಕಡೆಯಿಂದ ಒಂದು ಬೇಡಿಕೆ. ದಯವಿಟ್ಟು ಪುಟಗಟ್ಟಲೆ ಮಿನಿಟ್ಸ್ ಕಳಿಸಬೇಡಿ. ಐದಾರು ಸಾಲು ಸಾಕು. ನನ್ನಿಂದ ಏನು ಉತ್ತರ ಬೇಕೋ ಅದರ ಮುಂದೆ ನನ್ನ ಹೆಸರು ಹಾಕಿ. "ಟೀಂ, ದಯವಿಟ್ಟು ಖಚಿತಪಡಿಸಿ" ಅಂದರೆ ಟೀಮಲ್ಲಿ ಯಾರೂ ಖಚಿತಪಡಿಸಲ್ಲ. ಮೇಲ್ ಬದಲು ಜಿರಾ ಟಿಕೆಟ್ಟಲ್ಲೇ (ಕೆಲಸಗಳನ್ನು ಒಂದೊಂದಾಗಿ ದಾಖಲಿಸುವ ಸಾಫ್ಟ್‌ವೇರ್) ಕಾಮೆಂಟ್ ಹಾಕಿದರೆ ಇನ್ನೂ ಒಳ್ಳೆಯದು, ಕೋಡ್ ಬರೆಯುವಾಗ ಕಣ್ಣೆದುರೇ ಇರುತ್ತದೆ. ಅದೇ ದಿನ ಕಳಿಸಿ. ಮಾರನೇ ದಿನ ಆದರೆ ನಾನು ಏನು ಹೇಳಿದೆ ಅಂತ ನನಗೇ ನೆನಪಿರಲ್ಲ, ನಿಮ್ಮ ನೋಟ್ಸೇ ಸರಿ ಅಂತ ಒಪ್ಪಿಬಿಡುತ್ತೇನೆ. ಅದು ಡೇಂಜರ್.

ಕೊನೆಗೆ, "ನೋಡೋಣ" ಅಂದಿದ್ದನ್ನು ತೀರ್ಮಾನ ಅಂತ ಬರೆಯಬೇಡಿ. ಒಂದು ಸಲ ನಾನು ಹಾಗಂದಿದ್ದು ರೋಡ್‌ಮ್ಯಾಪಲ್ಲಿ ತಾರೀಖಿನ ಸಮೇತ ಬಂದಿತ್ತು.

ಲಾಸ್ಟ್ ಬೆಂಚ್:

ಹಾಸನದಲ್ಲೇ ಫೈನಲ್ ಇಯರ್ ಎಂಜಿನಿಯರಿಂಗ್. ಸುಮ್ನೆ ಒಂದು ಡೌಟು. ನೋಟ್ಸ್ ಕನ್ನಡದಲ್ಲಿ ಬರೆಯಬೇಕೋ ಇಂಗ್ಲಿಷಲ್ಲೋ?

ಸಾಲಗಾಮೆ ರಸ್ತೆ:

ನಾನು ಅವರು ಮಾತಾಡಿದ ಹಾಗೇ ಬರೆಯುತ್ತೇನೆ, ಕಲಬೆರಕೆ. ಟೀಮಿಗೆ ಕಳಿಸುವುದು ಇಂಗ್ಲಿಷ್. ಮ್ಯಾನುಯಲ್ ಎರಡರಲ್ಲೂ ಇರುತ್ತದೆ. ಒಂದು ಫೇಸ್ ಹೋದರೆ ಮೋಟರ್ ಆಫ್ ಮಾಡುವ ಭಾಗಕ್ಕೆ ಫಿಟ್ಟಿಂಗ್ ಮಾಡುವ ಎಲೆಕ್ಟ್ರಿಷಿಯನ್‌ಗಳು "ಪ್ರಿವೆಂಟರ್" ಅನ್ನುತ್ತಾರೆ, ನಮ್ಮ ಎಂಜಿನಿಯರ್‌ಗಳು ಅದಕ್ಕೆ ಬೇರೇನೋ ಉದ್ದದ ಹೆಸರು ಹೇಳುತ್ತಾರೆ. ಕನ್ನಡ ಗೈಡಲ್ಲಿ ಪ್ರಿವೆಂಟರ್ ಅಂತಲೇ ಹಾಕಿದೆ. ಇಂಥದ್ದೆಲ್ಲ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡುತ್ತೇನೆ.

ಮೂಡಿಗೆರೆ ಮಳೆ:

ಲಾಸ್ಟ್ ಬೆಂಚ್, ಒಂದು ವಿಷಯ ಮಾತ್ರ ಭಾಷೆ ಯಾವುದಾದರೂ ಬಿಡಬೇಡಿ. ಮಾಡಲೇಬೇಕೋ, ಮಾಡಿದರೆ ಒಳ್ಳೆಯದೋ, ಬೇಕಿದ್ದರೆ ಮಾಡಬಹುದೋ. ಇಂಟರ್‌ನೆಟ್ ಸ್ಟ್ಯಾಂಡರ್ಡ್ ಬರೆಯುವವರು 1997ರಲ್ಲಿ ಆರ್‌ಎಫ್‌ಸಿ 2119 ಅಂತ ಒಂದು ಪುಟ್ಟ ಕಾಗದವನ್ನೇ ಇದಕ್ಕೋಸ್ಕರ ಹೊರಡಿಸಿದರು. "ಅರ್ಥಿಂಗ್ ಕೊಡಬೇಕು" ಅಂತ ಎಂಜಿನಿಯರ್ ಅಂದಾಗ ಕೊಡದಿದ್ದರೆ ಏನಾಗುತ್ತದೆ ಅಂತ ಕೇಳಿ. ಉತ್ತರ ಕೇಳಿದ ಮೇಲೆ ಅದು ಎಚ್ಚರಿಕೆಯ ಚೌಕದೊಳಗೆ ಹೋಗಬೇಕೋ, ಸಲಹೆಯಾಗಿ ಹೋಗಬೇಕೋ ಗೊತ್ತಾಗುತ್ತದೆ.

ಸಾಲಗಾಮೆ ರಸ್ತೆ:

ಎಲ್ಲ ಸರಿ ಅಕ್ಕಾ, ಆದರೆ ಆ ಮಿನಿಟ್ಸ್ ವಿಚಾರ ಯಾರೂ ಹೇಳಲಿಲ್ಲ. ಎಲ್ಲ ಮೀಟಿಂಗೂ ನಾನೇ ಬರೆಯಬೇಕಾ?

ಮೂಡಿಗೆರೆ ಮಳೆ:

ಬೇಡ. ಮಿನಿಟ್ಸ್ ಬೇರೆ, ನಿಮ್ಮ ನೋಟ್ಸ್ ಬೇರೆ. ಮಿನಿಟ್ಸ್ ಬರೆಯುವವರಿಗೆ ಎಲ್ಲರ ಮಾತೂ ಹಿಡಿಯುವ ಆತುರ, ಪ್ರಶ್ನೆ ಕೇಳುವುದಕ್ಕೆ ಪುರುಸೊತ್ತೇ ಇರಲ್ಲ. ರೈಟರ್ ಕೇಳದೇ ಹೋದರೆ ಅಲ್ಲಿದ್ದೂ ಏನು ಬಂತು? ವಾರಕ್ಕೊಬ್ಬರು ಅಂತ ಸರದಿ ಹಾಕಿಸಿ, ಮ್ಯಾನೇಜರೂ ಸೇರಿ. ರೂಮಲ್ಲಿ ಒಬ್ಬಳೇ ಹೆಂಗಸಿದ್ದರೆ ಈ ಕೆಲಸ ಅವಳ ಕಡೆಗೇ ಯಾಕೆ ಜಾರುತ್ತದೆ ಅನ್ನುವುದು ಇನ್ನೊಂದು ದೊಡ್ಡ ಕಥೆ, ಅದಕ್ಕೆ ಬೇರೆ ಥ್ರೆಡ್ ಬೇಕು.

ಸೊಸೈಟಿ ಗುಮಾಸ್ತ:

ಇಲ್ಲಿ ನನ್ನ ತಕರಾರು ಇದೆ. ಪೆನ್ನು ಬಿಟ್ಟುಕೊಡಬೇಡಿ ಮೇಡಂ. ಪುಸ್ತಕದಲ್ಲಿ ಏನು ಬರೆದಿದೆಯೋ ಅದೇ ಕೊನೆಗೆ ಆದದ್ದು. ನಮ್ಮ ಅಧ್ಯಕ್ಷರು ಎಷ್ಟೇ ಜೋರು ಮಾಡಲಿ, ಬರೆಯುವಾಗ ನನ್ನ ಹತ್ತಿರ ಬಂದು ಮೆತ್ತಗೆ "ಆ ಸಾಲು ಹೇಗೆ ಹಾಕಿದೆ?" ಅಂತ ಕೇಳುತ್ತಾರೆ.

ಬೇಲೂರು ಬಸ್:

ಗುಮಾಸ್ತರ ಮಾತಲ್ಲಿ ನ್ಯಾಯ ಇದೆ. ಆದರೆ ಅವರಿಗೆ ಅದು ಹುದ್ದೆ, ಮೇಡಂಗೆ ಬಿಟ್ಟಿ ಚಾಕರಿ. ನನ್ನ ಲೆಕ್ಕದಲ್ಲಿ, ಪ್ರಾಡಕ್ಟ್ ಬದಲಾಗುವ ಮೀಟಿಂಗಲ್ಲಿ ಪೆನ್ನು ಹಿಡಿಯಿರಿ, ರಿಲೇ ಖರೀದಿಗೆ ಹೋಗಲೇಬೇಡಿ.

ಸಾಲಗಾಮೆ ರಸ್ತೆ:

ಇವತ್ತಿನ ಕಥೆ ಕೇಳಿ. ಎರಡು ಥರ್ಟಿಯನ್ನೂ ಬೇರೆ ಬೇರೆ ವಾಕ್ಯ ಮಾಡಿ ಟಿಕೆಟ್ಟಲ್ಲಿ ಹಾಕಿದೆ. "ನೀರಿಲ್ಲದೆ 30 ಸೆಕೆಂಡ್ ಓಡಿದರೆ ಮೋಟರ್ ನಿಲ್ಲುತ್ತದೆ. 30 ನಿಮಿಷದ ನಂತರ ಮತ್ತೆ ತಾನಾಗಿ ಸ್ಟಾರ್ಟ್ ಆಗುತ್ತದೆ." ಪ್ರತಿ ವಾಕ್ಯದ ಮುಂದೆ ಒಬ್ಬೊಬ್ಬರ ಹೆಸರು. ಊಟಕ್ಕೆ ಮುಂಚೆಯೇ ಉತ್ತರ ಬಂತು, ಅದೂ ಜಗಳದ ಸಮೇತ. ಆ್ಯಪ್‌ನವರು ನಿಮಿಷ ಅಂದುಕೊಂಡೇ ಸ್ಕ್ರೀನ್ ಮಾಡಿದ್ದರು, ಫರ್ಮ್‌ವೇರ್‌ನವರು ರೀಸ್ಟಾರ್ಟ್ ಸಮಯದ ಮಾತು ಬಂದಿದೆ ಅಂತಲೇ ಅಂದುಕೊಂಡಿರಲಿಲ್ಲ. ಈಗ ಎರಡು ಬೇರೆ ಸೆಟ್ಟಿಂಗ್. ನಿಮಿಷದ್ದನ್ನು ಗ್ರಾಹಕರು ಬದಲಾಯಿಸಬಹುದು, ಸೆಕೆಂಡಿನದ್ದಕ್ಕೆ ಕೈ ಹಾಕುವ ಹಾಗಿಲ್ಲ.

ಮಿನಿಟ್ಸ್ ಸರದಿಯ ವಿಚಾರ ಮ್ಯಾನೇಜರ್ ಹತ್ತಿರ ಎತ್ತಿದೆ. "ನೋಡೋಣ" ಅಂದರು.

ಬೋರ್ಡ್ ಸುಟ್ಟವ:

ಹಹ್ಹಾ. ಮೇಡಂ, ಇನ್ನೊಂದು ಕೇಳಿಬಿಡಿ. ಆ 30 ನಿಮಿಷದ ನಡುವೆ ಕರೆಂಟ್ ಹೋಗಿ ಬಂದರೆ ಎಣಿಕೆ ಮೊದಲಿಂದ ಶುರುವಾಗುತ್ತದಾ, ಅಥವಾ ಕರೆಂಟ್ ಬಂದ ಕೂಡಲೇ ಆಟೋ ಸ್ಟಾರ್ಟ್ ಆಗಿ ಖಾಲಿ ಬಾವಿಯಲ್ಲೇ ಮೋಟರ್ ಓಡುತ್ತದಾ? ನಮ್ಮ ಕಡೆ ತ್ರೀ ಫೇಸ್ ಹೇಗೆ ಹೋಗಿ ಬರುತ್ತದೆ ಅಂತ ಗೊತ್ತಲ್ಲ.

ಸಾಲಗಾಮೆ ರಸ್ತೆ:

ಇದನ್ನು ಯಾರೂ ಯೋಚನೆ ಮಾಡಿದ ಹಾಗಿಲ್ಲ ಸಾರ್. ಬೆಳಗಿನ ಸ್ಟ್ಯಾಂಡಪ್ ಮೀಟಿಂಗಲ್ಲಿ "ಕರೆಂಟ್ ಬಂದ ಕೂಡಲೇ ಸ್ಟಾರ್ಟ್ ಆಗುತ್ತದೆ" ಅಂತ ಬರೆದುಕೊಂಡು ಹೋಗಿ ಜೋರಾಗಿ ಓದುತ್ತೇನೆ. ಯಾರು ಕೂಗುತ್ತಾರೆ ನೋಡೋಣ.